ಒಂಬತ್ತನೆಯ ಬಿಲ್ಲೆಯ ಸದ್ದು

ಬೆಳಗಿನ ಐದೂಕಾಲು. ಬಾಗಿಲು ತೆರೆದಾಗ ನೆಲ ಕಾಣುವುದಿಲ್ಲ. ಮೊಣಕಾಲಿನವರೆಗೆ ಬಿಳಿ ಮಂಜು ನಿಂತಿದೆ. ಅದರಾಚೆ ಒಬ್ಬ ಹೆಂಗಸು ಸೊಂಟದಿಂದ ಮೇಲಷ್ಟೇ ಕಾಣುತ್ತಾರೆ. ಕೈಗೆ ದಪ್ಪ ಗವಸು, ಮುಖಕ್ಕೆ ಪಾರದರ್ಶಕ ಕವಚ. ಉದ್ದ ಕತ್ತಿನ ಪಾತ್ರೆಯಿಂದ ಉಕ್ಕಿನ ತೊಟ್ಟಿಗೆ ಏನನ್ನೋ ಸುರಿಯುತ್ತಿದ್ದಾರೆ. ನೀರಿನಂತೆ ಕಾಣುತ್ತದೆ, ನೀರಲ್ಲ. ದ್ರವರೂಪದ ನೈಟ್ರೋಜನ್, ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿನದು. ತೊಟ್ಟಿಯೊಳಗೆ ಹನ್ನೆರಡು ಕಪ್ಪು ಬಿಲ್ಲೆಗಳಿವೆ. ಅವು ಟಿಕ್ ಟಿಕ್ ಎನ್ನುತ್ತಿವೆ. ಒಂದಾದ ಮೇಲೊಂದು, ಲೆಕ್ಕವಿಲ್ಲದೆ. ಕತ್ತಲಲ್ಲಿ ಯಾರೋ ಬೆರಳು ನೆಟಿಗೆ ಮುರಿಯುತ್ತಿರುವ ಹಾಗೆ.

"ಹೆದರ್ಬೇಡಿ, ಬನ್ನಿ ಒಳಗೆ. ಮೈಗೆ ಚಳಿ ಹತ್ತಿದಾಗ ಮಾತಾಡ್ತವೆ, ಅಷ್ಟೇ," ಎಂದು ಲೇಖನ ಬರೆಯಲು ಬಂದಿರುವ ನನ್ನನ್ನು ಕರೆಯುತ್ತಾರೆ ಆಕೆ.

ಈ ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನು ಬೆಳ್ಳಿಯಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಬೆಳ್ಳಿಪುಡಿ ಹತ್ತಿದ ಕುಡಿಕೆ, ಬಿಲ್ಲೆಗಳನ್ನು ಮುಟ್ಟಿ ಮುಟ್ಟಿ ಉಗುರಿನ ಸಂದಿಗಳಲ್ಲಿ ಬೂದು ಹೊಳಪು ಕೂತುಬಿಟ್ಟಿದೆ. ಎಷ್ಟು ತೊಳೆದರೂ ಹೋಗದು. ಗೇಟಿನ ಕಾವಲುಗಾರ ಈ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಏಕೆಂದು ಕೇಳಿದರೆ, "ಅಲ್ಲಿ ಯಾರೂ ಇಲ್ಲದಾಗ್ಲೂ ಯಾರೋ ಇರ್ತಾರೆ," ಎಂದು ಹೇಳಿ ತನ್ನ ಕುರ್ಚಿಯನ್ನು ಇನ್ನೂ ಎರಡಡಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ಇವರ ಕೆಲಸ ಬಿಲ್ಲೆಗಳನ್ನು ತಟ್ಟಿ ಕೇಳುವುದು. ಬಿರುಕು ಬಿಟ್ಟದ್ದು ಯಾವುದು, ಗಟ್ಟಿ ಯಾವುದು ಎಂದು ಕಿವಿಯಿಂದ ಹೇಳುವುದು. ಮೊನ್ನೆ ಶನಿವಾರ ಹನ್ನೆರಡರಲ್ಲಿ ಒಂದಕ್ಕೆ, ಒಂಬತ್ತನೆಯದಕ್ಕೆ, ಇವರು ಬೇಡ ಎಂದಿದ್ದಾರೆ. ಹೊಸದಾಗಿ ಬಂದಿರುವ ಸ್ಕ್ಯಾನಿಂಗ್ ಯಂತ್ರ ಅದನ್ನೇ ಸರಿ ಎಂದಿದೆ. ಒಂದು ತೆಳು ನೆರಳು ಕಂಡಿತ್ತು, ಮಿತಿಯೊಳಗೇ ಇದೆ ಎಂದು ಬಿಟ್ಟಿತು. ಹಾಗಾಗಿ ಮೇಲಿನವರು ಪರೀಕ್ಷೆ ಇಟ್ಟರು. ಹನ್ನೆರಡು ಬಿಲ್ಲೆಗಳೂ ಐವತ್ತು ಸಲ ತಣ್ಣಗಾಗಬೇಕು, ಐವತ್ತು ಸಲ ಬೆಚ್ಚಗಾಗಬೇಕು. ಒಂಬತ್ತನೆಯದು ಉಳಿದರೆ ಸೋಮವಾರ ಹನ್ನೆರಡೂ ಒಂದು ದೊಡ್ಡ ಚಕ್ರದ ಅಡಿಗೆ ಹೋಗುತ್ತವೆ, ಬೆಳ್ಳಿಯಕ್ಕನ ಮೇಜು ಗೋದಾಮಿಗೆ ಹೋಗುತ್ತದೆ. ಚಕ್ರ ಮೊದಲ ಸಲ ತಿರುಗುವಾಗ ಅದರ ಪಕ್ಕದಲ್ಲಿ ನಿಲ್ಲುವ ಫಿಟ್ಟರ್ ಇವರ ಸ್ವಂತ ತಮ್ಮ.

ಇಂದು ನಾಲ್ಕನೆಯ ದಿನ. ನಲವತ್ತನಾಲ್ಕು ಸಲ ಆಗಿದೆ. ಇನ್ನು ಆರು ಬಾಕಿ.

ಬಿಲ್ಲೆ ಎಂದರೆ ಅಂಗೈ ಅಗಲ, ಎರಡು ಬೆರಳು ದಪ್ಪ. ಪಿಂಗಾಣಿ ಲೋಟದ ಜಾತಿಯದೇ, ಸೆರಾಮಿಕ್. ಆದರೆ ಇದು ಅತಿವಾಹಕ. ಸಾಕಷ್ಟು ತಣ್ಣಗಾದಾಗ ವಿದ್ಯುತ್ತು ಇದರೊಳಗೆ ಒಂದಿಷ್ಟೂ ಸವೆಯದೆ ಸುತ್ತುತ್ತಿರುತ್ತದೆ. ಬರಿಯ ಸೆರಾಮಿಕ್ ಕೈಜಾರಿದರೆ ಚೂರು. ಹಾಗಾಗಿ ಅದನ್ನು ಒಂಟಿಯಾಗಿ ಬಿಡುವುದಿಲ್ಲ. ಪುಡಿಯ ಹಂತದಲ್ಲೇ ಬೆಳ್ಳಿ ಬೆರೆಸುತ್ತಾರೆ. ಕುಲುಮೆಯಲ್ಲಿ ದಿನಗಟ್ಟಲೆ ನಿಧಾನವಾಗಿ ಆರಿಸಿ ಒಂದೇ ಹರಳಾಗಿ ಬೆಳೆಸುತ್ತಾರೆ. ಆಮೇಲೆ ವಾರಗಟ್ಟಲೆ ಆಮ್ಲಜನಕ ಕುಡಿಸುತ್ತಾರೆ. ಕೊನೆಗೆ ಗಾಜಿನ ನೂಲಿನ ಬಟ್ಟೆ ಸುತ್ತಿ, ಅಂಟನ್ನು ಒಳಗಿನ ರಂಧ್ರಗಳಿಗೆಲ್ಲ ಇಳಿಸಿ, ಸುತ್ತಲೂ ಲೋಹದ ಬಳೆ ತೊಡಿಸುತ್ತಾರೆ. ಐದು ವಸ್ತು ಸೇರಿ ಒಂದು. ಒಂದು ಬಿಲ್ಲೆಗೆ ಹನ್ನೊಂದು ವಾರ. ಹತ್ತು ಮಾಡಿದರೆ ಆರು ಉಳಿಯುತ್ತವೆ.

"ಬೆಳ್ಳಿಗೆ ಬಾಗೋದು ಗೊತ್ತು. ಇದಕ್ಕೆ ಗೊತ್ತಿಲ್ಲ," ಎನ್ನುತ್ತಾರೆ ಬೆಳ್ಳಿಯಕ್ಕ. "ಬಾಗೋರ ಜೊತೆ ಇಟ್ರೆ ಇದೂ ಸ್ವಲ್ಪ ಬಾಗತ್ತೆ. ಆದ್ರೂ ಒಳಗೊಳಗೇ ಹಠ. ಕೆಲವು ಇಲ್ಲಿ ಒಡೆಯಲ್ಲ. ಕಪಾಟಿನಲ್ಲಿಟ್ಟು ಹನ್ನೊಂದು ದಿನ ಆದ್ಮೇಲೆ, ಯಾರೂ ಮುಟ್ಟದೇ ಇದ್ರೂ, ಟಪ್ ಅಂತ ಎರಡಾಗ್ತವೆ."

ತೊಟ್ಟಿಯ ಪಕ್ಕದ ಸಣ್ಣ ಬಟ್ಟಲಲ್ಲಿ ಒಂದು ಹಳೆಯ ಬಿಲ್ಲೆ ಇದೆ, ತೋರಿಸಲು ಇಟ್ಟುಕೊಂಡದ್ದು. ಅದರ ಮೇಲೆ ರಟ್ಟಿನ ತುಂಡು ಇಟ್ಟು, ರಟ್ಟಿನ ಮೇಲೆ ಅಯಸ್ಕಾಂತದ ಗಟ್ಟಿ ಇಟ್ಟು, ನೈಟ್ರೋಜನ್ ಸುರಿಯುತ್ತಾರೆ. ಕುದಿತ ನಿಂತ ಮೇಲೆ ಚಿಮಟದಿಂದ ರಟ್ಟನ್ನು ಎಳೆದು ತೆಗೆಯುತ್ತಾರೆ. ಗಟ್ಟಿ ಬೀಳುವುದಿಲ್ಲ. ಗಾಳಿಯಲ್ಲಿ ನಿಂತಿದೆ. ಬೆರಳಿನಿಂದ ಕೆಳಗೆ ಒತ್ತಿದರೆ ಮತ್ತೆ ಮೇಲೆ ಬರುತ್ತದೆ. ಮೇಲಕ್ಕೆ ಎಳೆದರೆ ಮತ್ತೆ ಕೆಳಗೆ. ಬೆಳ್ಳಿಯಕ್ಕ ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ ತಲೆಕೆಳಗು ಮಾಡುತ್ತಾರೆ. ಈಗ ಗಟ್ಟಿ ಅದರ ಅಡಿಯಲ್ಲಿ ಜೋತಾಡುತ್ತಿದೆ, ನಡುವೆ ಅದೇ ಅರ್ಧ ಬೆರಳಿನ ಬಯಲು.

"ತಣ್ಣಗಾಗೋ ಹೊತ್ತಿಗೆ ಪಕ್ಕದಲ್ಲಿ ಏನಿತ್ತೋ ಅದನ್ನ ಅದೇ ಜಾಗದಲ್ಲಿ ಹಿಡ್ಕೊಂಡುಬಿಡತ್ತೆ. ಬಿಡಲ್ಲ."

"ಎಷ್ಟು ಹೊತ್ತು?"

"ಚಳಿ ಇರೋವರೆಗೂ. ಬೆಚ್ಚಗಾದ್ರೆ ಮರೆತುಬಿಡತ್ತೆ."

ನಾಲ್ಕು ನಿಮಿಷದ ಮೇಲೆ ಗಟ್ಟಿ ಟಕ್ ಎಂದು ಬಟ್ಟಲಿಗೆ ಬೀಳುತ್ತದೆ. ಇನ್ನೊಮ್ಮೆ ಮಾಡಿ ಎಂದು ಕೇಳುತ್ತೇನೆ. ಅವರು ಮಾಡುತ್ತಾರೆ.

ಈ ಹಿಡಿತವನ್ನೇ ಬಳಸಿ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಟು ನೂರು ಕಿಲೋ ತೂಕದ ಚಕ್ರವನ್ನು ಗಾಳಿಯಲ್ಲಿ ನಿಲ್ಲಿಸಲಿದ್ದಾರೆ. ಎಲ್ಲೂ ತಾಗದೆ ಅದು ತಿರುಗುತ್ತಲೇ ಇರುತ್ತದೆ. ಕರೆಂಟು ಹೋಗಿ ಜನರೇಟರು ಶುರುವಾಗುವ ನಡುವಿನ ಅರ್ಧ ನಿಮಿಷ ಆಸ್ಪತ್ರೆಯನ್ನು ನಡೆಸುವುದು ಆ ಚಕ್ರದ ಓಟ. ಹನ್ನೆರಡು ಬಿಲ್ಲೆಗಳಲ್ಲಿ ಒಂದು ಕೈಕೊಟ್ಟರೆ ಚಕ್ರ ಓರೆಯಾಗುತ್ತದೆ. ಓಡುವ ಚಕ್ರ ಓರೆಯಾದರೆ ಏನಾಗುತ್ತದೆ ಎಂದು ಇಲ್ಲಿ ಯಾರೂ ಪೂರ್ತಿ ವಾಕ್ಯದಲ್ಲಿ ಹೇಳುವುದಿಲ್ಲ.

ಬೆಳ್ಳಿಯಕ್ಕ ಓದಿದ್ದು ಏಳನೆಯ ತರಗತಿ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಇಲ್ಲಿಗೆ ಪಾತ್ರೆ ತೊಳೆಯಲು ಬಂದರು. ಪುಡಿ ಸುಡುವ ಮಣ್ಣಿನ ಕುಡಿಕೆಗಳನ್ನು ತೊಳೆದು ಇಡುವಾಗ ಕೆಲವನ್ನು ಬೇರೆ ಸಾಲಿನಲ್ಲಿ ಇಡುತ್ತಿದ್ದರು. ಆಗಿನ ಮೇಸ್ತ್ರಿ ಏಕೆಂದು ಕೇಳಿದರು. "ಒಡೆದಿವೆ," ಎಂದರು ಇವರು. ಮೇಸ್ತ್ರಿ ಕಣ್ಣಿಗೆ ಭೂತಗಾಜು ಹಿಡಿದು ನೋಡಿದರು, ಏನೂ ಕಾಣಲಿಲ್ಲ. ಮರುದಿನ ಕುಲುಮೆಯಲ್ಲಿ ಆ ಸಾಲಿನ ಕುಡಿಕೆಗಳೇ ಸೋರಿದವು.

"ಅದರಲ್ಲೇನಿದೆ? ಮನೇಲಿ ಲೋಟ ತೊಳೆಯುವಾಗ ಒಡೆದ ಲೋಟ ಗೊತ್ತಾಗಲ್ವಾ?" ಎಂದು ನಗುತ್ತಾರೆ.

ಅಂದಿನಿಂದ ಮೇಜು, ಕುರ್ಚಿ, ಮೇಲೊಂದು ದಪ್ಪ ಕಂಬಳಿಯ ಹಾಸು. ಆಯುಧ ಎಂದರೆ ಮುರಿದ ಮರದ ಸೌಟಿನ ಹಿಡಿ, ಮನೆಯಿಂದ ತಂದದ್ದು. ಒಂದು ಬಿಲ್ಲೆಗೆ ಎಂಟು ಜಾಗ, ಒಂದು ಜಾಗಕ್ಕೆ ಮೂರು ತಟ್ಟು. ದಿನಕ್ಕೆ ಮೂವತ್ತು ಬಿಲ್ಲೆ. ಏಳು ನೂರ ಇಪ್ಪತ್ತು ತಟ್ಟು. ಸಂಜೆ ಮನೆಗೆ ಹೋಗುವಾಗ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ರೇಡಿಯೋ ಇಲ್ಲ. ಕುಕ್ಕರಿನ ಸೀಟಿಗೆ ಬಟ್ಟೆ ಮುಚ್ಚುತ್ತಾರೆ. ತಂದೆತಾಯಿ ಹೋದಾಗ ತಮ್ಮನಿಗೆ ಒಂಬತ್ತು ವರ್ಷ. ಸಾಕಿದ್ದು ಇವರೇ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹೋಯಿತು. ಆ ಬಗ್ಗೆ ಕೇಳಿದರೆ, "ಅವರಿಗೆ ಜೋರಾಗಿ ಮಾತಾಡೋ ಅಭ್ಯಾಸ ಇತ್ತು," ಎಂದಷ್ಟೇ ಹೇಳುತ್ತಾರೆ.

ಏಳು ಗಂಟೆಗೆ ತಮ್ಮ ಬರುತ್ತಾನೆ. ಎತ್ತರದ ಆಳು, ಜೇಬಿನಲ್ಲಿ ಸ್ಪ್ಯಾನರ್. ಬಾಗಿಲಲ್ಲೇ ಶುರು.

"ಏನಕ್ಕಾ, ನಿನ್ನ ಒಂಬತ್ತನೇ ಮಗಳು ಇನ್ನೂ ಬದುಕಿದ್ದಾಳಾ?"

"ಬಾಯಿ ಮುಚ್ಕೊಂಡು ಬಾಗಿಲು ಹಾಕೋ. ಚಳಿ ಹೊರಗೆ ಹೋಗತ್ತೆ."

"ನೋಡಿ ಮೇಡಂ," ಎಂದು ನನ್ನ ಕಡೆ ತಿರುಗುತ್ತಾನೆ. "ಅಡುಗೆಮನೇಲಿ ಚಮಚ ಬಿದ್ರೆ ಯಾವ ಚಮಚ ಅಂತ ಆಚೆ ಕೋಣೆಯಿಂದ ಹೇಳ್ತಾಳೆ. ನಾನು ಮೆಟ್ಟಿಲು ಹತ್ತೋ ಸದ್ದಲ್ಲೇ ಎಷ್ಟು ಸುಳ್ಳು ಹೇಳ್ತೀನಿ ಅಂತ ಲೆಕ್ಕ ಹಾಕಿರ್ತಾಳೆ. ಇಂಥವಳ ಜೊತೆ ಬದುಕೋದು ಸುಲಭ ಅಂದ್ಕೊಂಡ್ರಾ?" ಸ್ವಲ್ಪ ಹೊತ್ತು ತೊಟ್ಟಿ ನೋಡುತ್ತಾನೆ. "ಐವತ್ತಕ್ಕೆ ಐವತ್ತು ಆದ್ರೆ ಒಪ್ಕೋತೀಯಾ ಅಕ್ಕಾ?"

ಅಕ್ಕ ಗವಸು ಬಿಚ್ಚಿಟ್ಟು ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ.

ಪರೀಕ್ಷೆ ನ್ಯಾಯವಾಗಿರಲಿ ಎಂದು ಈ ನಾಲ್ಕು ದಿನ ಅವರು ಬಿಲ್ಲೆಗಳನ್ನು ಮುಟ್ಟುವಂತಿಲ್ಲ. ನೈಟ್ರೋಜನ್ ಸುರಿಯಬಹುದು, ಕೂತು ನೋಡಬಹುದು. ಸೌಟಿನ ಹಿಡಿ ಮೇಜಿನ ಮೇಲಿದೆ. ಕೈಗಳು ಮಡಿಲಲ್ಲಿವೆ. ಬಲಗೈ ತೋರುಬೆರಳು ಮಾತ್ರ ತನ್ನಷ್ಟಕ್ಕೆ ಸೀರೆಯ ಮೇಲೆ ತಟ್ಟುತ್ತಿದೆ, ಮೂರು, ಮೂರು, ಮೂರು.

ಶನಿವಾರ ಏನು ಕೇಳಿಸಿತು ಎಂದು ಕೇಳುತ್ತೇನೆ.

"ಗಟ್ಟಿ ಇರೋದು ತಟ್ಟಿದ್ರೆ ಸದ್ದು ತಾನಾಗೇ ಮುಗಿಯತ್ತೆ. ಇದರಲ್ಲಿ ಯಾರೋ ಉತ್ತರ ಕೊಡೋಕೆ ಬಾಯಿ ತೆಗೆದು, ಪಕ್ಕದಲ್ಲಿರೋರು ಬಾಯಿ ಮುಚ್ಚಿಸಿದ ಹಾಗೆ ಆಯ್ತು. ಒಂದೇ ಜಾಗದಲ್ಲಿ. ಬಳೆ ಹತ್ತಿರ."

ಕಿವಿ ತಪ್ಪುವುದಿಲ್ಲವೇ? ತಪ್ಪಿದೆ, ಎನ್ನುತ್ತಾರೆ. ಅದನ್ನು ಅವರೇ ಹೇಳುತ್ತಾರೆ, ನಾನು ಒತ್ತಾಯಿಸಲಿಲ್ಲ. ಆರು ವರ್ಷದ ಹಿಂದೆ, ಒಂದು ಸಣ್ಣ ಪ್ರಯೋಗದ ಚಕ್ರಕ್ಕೆ ಬಿಲ್ಲೆ ಬೇಕಿತ್ತು. ಮೇಲಿನವರು ಅವಸರ ಮಾಡಿದರು. ತೊಟ್ಟಿಯಿಂದ ತೆಗೆದ ಬಿಲ್ಲೆಯನ್ನು ಚೆನ್ನಾಗಿ ಒರೆಸಿ, ಹಾಗೇ ತಟ್ಟಿದರು. ಗಾಜಿನ ಹಾಗೆ ಹಾಡಿತು. ಸರಿ ಇದೆ ಎಂದು ಕೊಟ್ಟುಬಿಟ್ಟರು. ಆ ಬಿಲ್ಲೆಯಲ್ಲಿ ಬಿರುಕಿತ್ತು. ಗಾಳಿಯ ತೇವ ಬಿರುಕಿನೊಳಗೆ ಇಳಿದು ಮಂಜುಗಡ್ಡೆಯಾಗಿ ಕೂತಿತ್ತು. ಎರಡು ತುಂಡುಗಳನ್ನು ಮಂಜು ಅಂಟಿನಂತೆ ಹಿಡಿದುಕೊಂಡು, ಇಡಿಯಾಗಿದ್ದೇನೆ ಎಂದು ಸದ್ದು ಮಾಡಿತ್ತು. ಚಕ್ರ ಓರೆಯಾಯಿತು. ಕುಡಿಕೆ ತೊಳೆಯುತ್ತಿದ್ದ ಇವರನ್ನು ಮೇಜಿಗೆ ತಂದು ಕೂರಿಸಿದ್ದ ಮೇಸ್ತ್ರಿಯ ಎರಡು ಬೆರಳು ಹೋದವು.

"ಅವರು ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ತಣ್ಣಗಿರೋದನ್ನ ನಂಬಬೇಡ, ಪೂರ್ತಿ ಬೆಚ್ಚಗಾದ್ಮೇಲೆ ಮಾತಾಡ್ಸು' ಅಂದ್ರು, ಅಷ್ಟೇ." ಅಂದಿನಿಂದ ಅವರು ಬಿಲ್ಲೆಯನ್ನು ಮೂರು ಗಂಟೆ ಬೆಚ್ಚನೆಯ ಕಪಾಟಿನಲ್ಲಿಟ್ಟು, ತೆಗೆದು, ಕೆನ್ನೆಗೆ ಒತ್ತಿಕೊಂಡು ನೋಡಿ, ಆಮೇಲೆ ತಟ್ಟುತ್ತಾರೆ.

ಎಂಟು ಗಂಟೆಗೆ ನಲವತ್ತೆಂಟನೆಯ ಸಲ. ಯಂತ್ರದ ಹೊಣೆ ಹೊತ್ತ ಇಂಜಿನಿಯರ್ ಮೇಡಂ ಮೂವತ್ತರ ಆಸುಪಾಸಿನವರು. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಕಣ್ಣು ಕೆಂಪಾಗಿವೆ. ಬೆಳ್ಳಿಯಕ್ಕನ ಮೇಲೆ ಅವರಿಗೆ ದ್ವೇಷವೇನಿಲ್ಲ. "ಅಕ್ಕ ರಿಟೈರಾದ್ಮೇಲೆ ಯಾರನ್ನ ಕೇಳೋಣ ಹೇಳಿ? ಕಿವಿ ಬಿಚ್ಚಿಟ್ಟು ಹೋಗ್ತಾರಾ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಪ್ರತಿ ಸಲ ತೊಟ್ಟಿಯಿಂದ ಬಿಲ್ಲೆಗಳು ಮೇಲೆ ಬರುತ್ತವೆ, ಅವರು ಒಂದೊಂದನ್ನೂ ಒರೆಸುತ್ತಾರೆ, ಬಿಸಿಗಾಳಿ ಊದುತ್ತಾರೆ, ಯಂತ್ರದ ಕೆಳಗೆ ಇಡುತ್ತಾರೆ. ಪರದೆಯ ಮೇಲೆ ಹಸಿರು ಚುಕ್ಕೆ. ಮತ್ತೆ ತೊಟ್ಟಿಗೆ.

ನಲವತ್ತೊಂಬತ್ತು. ಹಸಿರು.

ಐವತ್ತು. ಟಿಕ್ ಟಿಕ್ ನಿಲ್ಲುತ್ತದೆ. ಒಂಬತ್ತನೆಯ ಬಿಲ್ಲೆ ಅಯಸ್ಕಾಂತದ ಗಟ್ಟಿಯನ್ನು ಉಳಿದವುಗಳಂತೆಯೇ ಗಾಳಿಯಲ್ಲಿ ಎತ್ತಿ ಹಿಡಿದಿದೆ, ಅಲುಗಾಡದೆ. ಮೇಲೆ ತೆಗೆದು, ಒರೆಸಿ, ಯಂತ್ರಕ್ಕೆ ಇಡುತ್ತಾರೆ. ಹಸಿರು. ಮೊದಲ ದಿನದ ತೆಳು ನೆರಳೂ ಈಗಿಲ್ಲ.

"ಆಯ್ತಕ್ಕ," ಎನ್ನುತ್ತಾರೆ ಇಂಜಿನಿಯರ್ ಮೇಡಂ, ಮೆಲ್ಲಗೆ. "ಐವತ್ತೂ ಆಯ್ತು. ಹನ್ನೊಂದಕ್ಕೆ ವರದಿ ಕಳಿಸ್ಬೇಕು."

ಬೆಳ್ಳಿಯಕ್ಕ ಎದ್ದು ಪರದೆಯ ಹತ್ತಿರ ಬರುತ್ತಾರೆ. ಅದನ್ನು ಓದಲು ಅವರಿಗೆ ಬರುವುದಿಲ್ಲ. ಮೊದಲ ದಿನದ ಚಿತ್ರ ತೋರಿಸಿ ಎನ್ನುತ್ತಾರೆ. ಅದನ್ನೂ ಇದನ್ನೂ ಪಕ್ಕಪಕ್ಕ ನೋಡುತ್ತಾರೆ.

"ಆ ನೆರಳು ಎಲ್ಲಿ ಹೋಯ್ತು?"

"ಹೋಯ್ತು ಅಂದ್ರೆ... ಅದು ಬರೀ ಚಿತ್ರದ ಗೊಂದಲ ಇರ್ಬೇಕು ಅಕ್ಕ. ನಿಜವಾದ ಬಿರುಕಾಗಿದ್ರೆ ದೊಡ್ಡದಾಗ್ತಿತ್ತು."

"ಬಿರುಕು ದೊಡ್ಡದಾಗ್ಬಹುದು, ಹಾಗೇ ಇರ್ಬಹುದು. ಮಾಯ ಆಗೋದು ಹೇಗೆ?" ಪರದೆಯಿಂದ ತಿರುಗಿ ಕೇಳುತ್ತಾರೆ, "ತೆಗೆದು ಎಷ್ಟು ಹೊತ್ತಿಗೆ ಯಂತ್ರಕ್ಕಿಡ್ತೀರಿ?"

"ಹತ್ತು ನಿಮಿಷ. ಇಲ್ಲದಿದ್ರೆ ನಾಲ್ಕು ದಿನದಲ್ಲಿ ಐವತ್ತು ಹೇಗೆ ಮುಗಿಯತ್ತೆ? ಒರೆಸಿದ್ದೀನಿ ಅಕ್ಕ, ಪ್ರತಿ ಸಲ."

"ನಾನೂ ಒರೆಸಿದ್ದೆ ಅವತ್ತು."

ಮಂಜು ಗೋಡೆಯ ಬುಡದ ಕಿಂಡಿಗಳ ಕಡೆಗೆ ಮೆಲ್ಲಗೆ ಸರಿಯುತ್ತಿದೆ. ಇಂಜಿನಿಯರ್ ಮೇಡಂ ಗಡಿಯಾರ ನೋಡುತ್ತಾರೆ. ಒಂಬತ್ತೂವರೆ. ಮೂರು ಗಂಟೆ ಕಪಾಟಿನಲ್ಲಿಟ್ಟರೆ ಹನ್ನೆರಡೂವರೆ. ವರದಿಯ ಸಮಯ ಮೀರುತ್ತದೆ. ಅವರು ಇಲ್ಲ ಎಂದು ಹೇಳಲು ಬಾಯಿ ತೆರೆಯುವುದು ಕಾಣುತ್ತದೆ.

"ಇರ್ಲಿ ಮೇಡಂ," ಎನ್ನುತ್ತಾನೆ ತಮ್ಮ. ಈಗ ಅವನ ದನಿಯಲ್ಲಿ ತಮಾಷೆ ಇಲ್ಲ. "ಅದರ ಪಕ್ಕ ನಿಲ್ಲೋನು ನಾನು. ವರದಿ ತಡ ಆಯ್ತು ಅಂತ ನನ್ನ ಹೆಸರಲ್ಲೇ ಬರ್ಕೊಳ್ಳಿ."

ಒಂಬತ್ತನೆಯ ಬಿಲ್ಲೆಯನ್ನು ಬಿಳಿ ಬಟ್ಟೆಯ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ಎರಡು ಕಡೆ ಒತ್ತು ಕೊಟ್ಟು, ಕಪಾಟಿನಲ್ಲಿ ಇಡುತ್ತಾರೆ. ಬಾಗಿಲಿಗೆ ಗಾಜಿದೆ. ನಾವು ನಾಲ್ವರು ಗಾಜಿನ ಮುಂದೆ ಕೂರುತ್ತೇವೆ. ಮಾಡಲು ಬೇರೇನೂ ಇಲ್ಲ. ಕಪಾಟಿನ ದೀಪ ಹಳದಿ. ಬಿಲ್ಲೆ ಆ ಬೆಳಕನ್ನು ಒಂಚೂರೂ ಹಿಂದಕ್ಕೆ ಕೊಡುವುದಿಲ್ಲ. ದಿಟ್ಟಿಸಿ ನೋಡುತ್ತಿದ್ದರೆ ಅದು ವಸ್ತುವೋ ಬಟ್ಟೆಯ ಮೇಲೆ ಬಿದ್ದ ತೂತೋ ತಿಳಿಯುವುದಿಲ್ಲ.

ಹತ್ತೂಕಾಲಿಗೆ ಬೆಳ್ಳಿಯಕ್ಕ ಬೆರಳೆತ್ತುತ್ತಾರೆ.

"ಈಗ."

ನಮಗೆ ಯಾರಿಗೂ ಏನೂ ಕೇಳಿಸಿಲ್ಲ. ಇಂಜಿನಿಯರ್ ಮೇಡಂ ಅವರ ಮುಖ ನೋಡುತ್ತಾರೆ. ತಮ್ಮ ಗಾಜಿಗೆ ಕಿವಿ ಹಚ್ಚುತ್ತಾನೆ, ತಲೆ ಆಡಿಸುತ್ತಾನೆ. ಎರಡು ನಿಮಿಷ ಕಳೆಯುತ್ತದೆ. ಆಮೇಲೆ ಬಟ್ಟೆಯ ಮೇಲೆ, ಬಿಲ್ಲೆಯ ಲೋಹದ ಬಳೆ ತಾಗಿದ ಜಾಗದಲ್ಲಿ, ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಕೂದಲೆಳೆಯಷ್ಟು ತೆಳು. ಒದ್ದೆ. ಒರೆಸಿ ಒಣಗಿಸಿದ ಬಿಲ್ಲೆಯ ಒಳಗಿನಿಂದ ನೀರು ಹೊರಗೆ ಬರುತ್ತಿದೆ. ಗೆರೆ ಬಟ್ಟೆಯಲ್ಲಿ ಅಗಲವಾಗುತ್ತದೆ, ಅರ್ಧ ಉಗುರಿನಷ್ಟಾಗಿ ನಿಲ್ಲುತ್ತದೆ.

ಆದರೂ ಮೂರು ಗಂಟೆ ಮುಗಿಯುವವರೆಗೆ ಅವರು ಕಪಾಟು ತೆರೆಯಲು ಬಿಡುವುದಿಲ್ಲ. ಹನ್ನೆರಡೂವರೆಗೆ ತೆಗೆದು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಕಣ್ಣು ಮುಚ್ಚಿದ್ದಾರೆ. ತಟ್ಟುವುದಿಲ್ಲ. ಹಾಗೇ ಇಂಜಿನಿಯರ್ ಮೇಡಂ ಕೈಗೆ ಕೊಡುತ್ತಾರೆ.

"ನಿಮ್ಮ ಯಂತ್ರನೇ ಹೇಳ್ಲಿ. ಅದೇನೂ ಸುಳ್ಳುಗಾರ ಅಲ್ಲ. ನಾವು ಅದಕ್ಕೆ ಪುರುಸೊತ್ತು ಕೊಡ್ಲಿಲ್ಲ."

ಪರದೆಯ ಮೇಲೆ ಕೆಂಪು. ಬಳೆಯ ಅಂಚಿನಿಂದ ಹೊರಟ ಗೆರೆ ಹೆಚ್ಚುಕಡಿಮೆ ನಡುವಿನವರೆಗೆ ಹೋಗಿದೆ. ಪ್ರತಿ ಸಲವೂ ಒಂದಿಷ್ಟು ತೇವ ಒಳಗೆ ಹೋಗಿ ಗಡ್ಡೆಯಾಗಿದೆ, ಬಿರುಕನ್ನು ಒಂದಿಷ್ಟು ಅಗಲಿಸಿದೆ, ಯಂತ್ರ ನೋಡುವಾಗ ಅದೇ ಬಿರುಕನ್ನು ತುಂಬಿ ಮುಚ್ಚಿದೆ. ಇಂಜಿನಿಯರ್ ಮೇಡಂ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಉಳಿದ ಹನ್ನೊಂದನ್ನೂ ಕಪಾಟಿಗೆ ಇಡಲು ಎದ್ದೇಳುತ್ತಾರೆ. ಬೆಳ್ಳಿಯಕ್ಕ ಅವರ ಬೆನ್ನು ತಟ್ಟುತ್ತಾರೆ. "ನಿಮ್ಮಿಂದ ಯಾರ ಬೆರಳೂ ಹೋಗ್ಲಿಲ್ಲ. ನೀವು ನನಗಿಂತ ವಾಸಿ."

ತಮ್ಮ ಹೊರಗೆ ಹೋಗಿದ್ದಾನೆ. ಕಾವಲುಗಾರನ ಪಕ್ಕ ನಿಂತು ಒಂದಾದ ಮೇಲೊಂದು ಲೋಟ ನೀರು ಕುಡಿಯುತ್ತಿದ್ದಾನೆ.

ಸಂಜೆಯ ಹೊತ್ತಿಗೆ ಉಳಿದ ಹನ್ನೊಂದೂ ಹಸಿರು ತೋರಿವೆ, ಆದರೂ ಸೋಮವಾರದ ಕೆಲಸ ರದ್ದಾಗಿದೆ. ಈ ಚಕ್ರದ ಅಳತೆಗೇ ಇನ್ನೊಂದು ಬಿಲ್ಲೆ ಆಗಲು ಹನ್ನೊಂದು ವಾರ ಬೇಕು. ಅಷ್ಟು ದಿನ ಚಕ್ರ ಪೆಟ್ಟಿಗೆಯಲ್ಲೇ ಇರುತ್ತದೆ. ಈ ವಿಷಯಕ್ಕೆ ಮೇಲಿನವರು ಯಾರೂ ಖುಷಿಪಟ್ಟಿಲ್ಲ. ಮೇಜು ಎಲ್ಲಿರಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಅದನ್ನು ಎತ್ತಲು ಬಂದವರನ್ನು ಇಂಜಿನಿಯರ್ ಮೇಡಂ ಬಾಗಿಲಿಂದಲೇ ವಾಪಸ್ ಕಳಿಸಿದ್ದಾರೆ. ಜೊತೆಗೆ ಒಂದು ಹಾಳೆ ಬರೆದು ಯಂತ್ರದ ಮೇಲೆ ಅಂಟಿಸಿದ್ದಾರೆ: ಮೂರು ಗಂಟೆ, ಆಮೇಲೆ ಕೆನ್ನೆ, ಆಮೇಲೆ ಯಂತ್ರ.

ಹೊರಡುವ ಮುನ್ನ, ನಿಮಗೆ ಏನಾದರೂ ಬೇಕೇ ಎಂದು ಬೆಳ್ಳಿಯಕ್ಕನನ್ನು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಇದನ್ನು ಕೇಳಲೇಬೇಕು. ಅವರು ಸಂಬಳದ ಮಾತೆತ್ತುವುದಿಲ್ಲ. ಉಗುರಿನ ಬೂದು ನೋಡಿಕೊಳ್ಳುತ್ತಾರೆ.

"ಹನ್ನೊಂದು ವಾರ ಆದ್ಮೇಲೆ ಚಕ್ರ ಕೂರಿಸ್ತಾರಲ್ಲ, ಅವತ್ತು ನನ್ನನ್ನೂ ಕರೀರಿ ಅಂತ ಮೇಡಂಗೆ ಹೇಳಿದ್ದೀನಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಹೋಗಿಲ್ಲ. ಎಂಟು ನೂರು ಕಿಲೋ ತಿರುಗ್ತಾ ಇದ್ರೂ ಸದ್ದೇ ಬರಲ್ವಂತೆ. ಅದನ್ನ ಕೇಳಿಸ್ಕೋಬೇಕು."